ಹೆಂಚಿನ ಸಂದಿಯ ಬೆಳಕು

"ಇದಾ?"

ಸಾಗರದ ಹಳೇ ಪೇಟೆಯಲ್ಲಿ ಬಿಸಿಲು ಆಗಷ್ಟೇ ಕಾಲೂರುತ್ತಿದೆ. ಅಡಿಕೆ ಗೋದಾಮೊಂದರ ಮಾಡಿನ ಮೇಲೆ ಕುಕ್ಕರುಗಾಲಲ್ಲಿ ಕೂತ ಜಟ್ಟಪ್ಪ ಹೆಂಚು ತಟ್ಟಿ ಕೇಳುತ್ತಾರೆ. ಉತ್ತರ ಬರುವುದಿಲ್ಲ. ಗೋದಾಮಿನೊಳಗೆ ಯಾರೂ ಇಲ್ಲ, ಅದು ಅವರಿಗೂ ಗೊತ್ತು.

ಮಳೆಗೆ ಮುಂಚೆ ಹೆಂಚು ಕೈಯಾಡಿಸುವುದು ಇಬ್ಬರ ಕೆಲಸ. ಒಬ್ಬರು ಒಳಗೆ ಕತ್ತಲಲ್ಲಿ ನಿಂತು, ಬೆಳಕಿನ ಚುಕ್ಕಿ ಕಂಡಲ್ಲಿ ಕೂಗಬೇಕು. ಮೇಲಿದ್ದವರು ಒಡೆದ ಹೆಂಚು ಬದಲಿಸಬೇಕು. ಕೂಗುತ್ತಿದ್ದವರು ಹೆಂಡತಿ ಶೇಷಮ್ಮ. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಈಗ ಜಟ್ಟಪ್ಪನೇ ಒಳಗೆ ಹೋಗಿ, ಉದ್ದನೆಯ ಗಳದಿಂದ ಬೆಳಕು ಕಂಡ ಸಂದಿಗೆ ಪೊರಕೆಯ ಹಿಡಿಕಡ್ಡಿ ಸಿಕ್ಕಿಸಿ, ಹೊರಬಂದು ಏಣಿ ಹತ್ತಿ ಅದನ್ನು ಹುಡುಕುತ್ತಾರೆ.

"ಬಾಯಿ ಅಭ್ಯಾಸ ಮಾರಾಯ್ರೆ, ಕೇಳ್ಬಿಡ್ತೀನಿ. ಅವಳಾದ್ರೆ 'ಅದಲ್ಲ, ಪಕ್ಕದ್ದು, ಕಣ್ಣಿಲ್ವಾ' ಅಂತ ಬಯ್ಯೋಳು. ಈಗ ಬಯ್ಯೋರೂ ಇಲ್ಲ" ಎಂದು, ಹಳೇ ಕಟ್ಟಡ ನೋಡಲು ಬಂದು ಕೆಳಗೆ ನಿಂತಿರುವ ನನಗೆ ಹೇಳುತ್ತಾರೆ.

ಕಟ್ಟಡ ಎತ್ತಿನಗಾಡಿ ಕಾಲದ್ದು. ಜಗುಲಿ ಗಾಡಿಯ ಹಲಗೆಯಷ್ಟೇ ಎತ್ತರ. ಮೂಟೆಯನ್ನು ಎತ್ತುವ ಗೋಜಿಲ್ಲ, ಎಳೆದುಕೊಂಡರಾಯಿತು. ಗೋಡೆ ದಪ್ಪ ಜಂಬಿಟ್ಟಿಗೆಯದು. ಎರಚಲು ಬಡಿಯದೆ ಗಾಳಿಯಷ್ಟೇ ಆಡಲೆಂದು ಕಿಟಕಿಗಳನ್ನು ಸೂರಿನ ಕೆಳಗೇ ಇಟ್ಟಿದ್ದಾರೆ. ಕಟ್ಟಿದವನ ಹೆಸರು ಯಾರಿಗೂ ತಿಳಿಯದು, ತಲೆಯಿದ್ದವನು ಎಂಬುದಂತೂ ನಿಜ. ಶೀಟಿನ ಶೆಡ್ಡುಗಳಲ್ಲಿ ಬೇಯುವ ನಮಗೆ ಇಲ್ಲಿ ನಿಂತರೆ ಹೊಟ್ಟೆಕಿಚ್ಚಾಗುತ್ತದೆ.

ಆದರೆ ಮಾಲೀಕರು ಮುಕುಂದಯ್ಯ ಖಡಾಖಂಡಿತವಾಗಿ ಹೇಳಿದ್ದಾರೆ: "ಹೋದ್ಸಲ ನೀರು ಬಿದ್ದು ಅಡಿಕೆಗೆ ಬೂಷ್ಟು ಹಿಡೀತು. ಈ ಮಳೇಲೂ ಸೋರಿದ್ರೆ ಹೆಂಚು ಇಳಿಸಿ ಶೀಟು ಹಾಕಿಸ್ತೀನಿ." ಅವರದ್ದು ತಪ್ಪೆನ್ನಲು ನನಗೂ ಬಾಯಿ ಬರುವುದಿಲ್ಲ.

ಒಂದು ಕಾಲಕ್ಕೆ ಹೊಸನಗರ, ತೀರ್ಥಹಳ್ಳಿಯಿಂದಲೂ ಈ ಗಂಡಹೆಂಡಿರಿಗೆ ಕರೆ ಬರುತ್ತಿತ್ತು. "ಅಲ್ಲೆಲ್ಲ ಶೀಟು ಬಂತು. ನಾವಿಬ್ರೂ ಕೈಯಾಡ್ಸಿದ್ರಲ್ಲಿ ಉಳಿದಿರೋದು ಇದೊಂದೇ ಗೋದಾಮು" ಎನ್ನುತ್ತಾ ಜಟ್ಟಪ್ಪ ಬೇರೆಡೆ ನೋಡುತ್ತಾರೆ.

ಅವರು ಏಣಿ ಹತ್ತಿಳಿಯುವುದನ್ನು ನೋಡಲಾರದೆ ನಾನೇ ಒಳಗೆ ನಿಂತು ಕೂಗುತ್ತೇನೆ. ಎಡ ಬಲ ಎಂದರೆ ಅವರಿಗಾಗದು. "ಬಾಗ್ಲ ಕಡೆ ಅನ್ನಿ, ರಸ್ತೆ ಕಡೆ ಅನ್ನಿ" ಎಂದು ಮೇಲಿನಿಂದಲೇ ತಿದ್ದುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಮಾಡಿನಲ್ಲಿ ಒಂದು ಚುಕ್ಕಿಯೂ ಉಳಿದಿಲ್ಲ.

ಹೊರಟು ನಿಂತಾಗ ಜಟ್ಟಪ್ಪ ಕೇಳುತ್ತಾರೆ, "ಮಳೆ ಹಿಡಿದ ದಿನ ಒಂದ್ಸಲ ಬರ್ತೀರಾ?"

ಸೋರಿದರೆ ನಾನು ಬಂದು ಮಾಡುವುದೇನಿದೆ ಎನ್ನುತ್ತೇನೆ.

"ಸೋರಿದ್ರೆ ಮುಕುಂದಯ್ಯನವ್ರೇ ಹೇಳಿ ಕಳಿಸ್ತಾರೆ. ಸೋರ್ಲಿಲ್ಲ ಅಂದ್ರೆ, ಅದನ್ನ ನಾನು ಯಾರಿಗೆ ಹೇಳ್ಲಿ?"