ಲೋಕಲ್‌ನಲ್ಲಿ ಸಿಕ್ಕ ಶಹನಾಯಿಗಾರ

ಪನವೇಲ್ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ನನ್ನ ಇಯರ್‌ಫೋನ್ ಕಿತ್ತುಬಂದು, ಮೊಬೈಲ್‌ನ ಜಾಝ್ ಸ್ಯಾಕ್ಸೋಫೋನ್ ಬೋಗಿಯಲ್ಲೆಲ್ಲ ಮೊಳಗಿತು. "ಅಯ್ಯೋ ದೇವ್ರೆ!" ಎಂದು ಗಾಬರಿಯಿಂದ ನಿಲ್ಲಿಸಹೊರಟೆ. ಪಕ್ಕದಲ್ಲಿ ನಿಂತಿದ್ದವರೊಬ್ಬರು ನನ್ನ ಕೈ ಹಿಡಿದರು.

"ಬಂದ್ ಮಾಡಬ್ಯಾಡ್ರಿ ಸರ. ಯಾರ್ರೀ ಇದನ್ನ ಊದಿದವ್ರು? ಉಸಿರು ಹೆಂಗ ಹಿಡದಾರ ನೋಡ್ರಿ!"

ವಿಜಯಪುರದವರಾದ ಅವರು ಕಳಂಬೋಲಿಯ ಉಕ್ಕಿನ ಮಾರುಕಟ್ಟೆಯಲ್ಲಿ ಕಬ್ಬಿಣ ಹೊರುತ್ತಿದ್ದರು. ಊರಲ್ಲಿ ಶಹನಾಯಿ ನುಡಿಸುತ್ತಿದ್ದವರು, ಇಲ್ಲಿಗೆ ಬಂದ ಮೇಲೆ ಅದನ್ನು ಮುಟ್ಟಿಯೇ ಇರಲಿಲ್ಲವಂತೆ. ಇಯರ್‌ಫೋನಿನ ಒಂದು ಎಳೆ ಅವರಿಗೆ ಕೊಟ್ಟೆ. ನಾನು ಇಳಿಯುವ ನೆರೂಳ್ ನಿಲ್ದಾಣದವರೆಗೂ ಇಬ್ಬರೂ ಕೇಳಿದೆವು. ಆ ಆಲ್ಬಮ್ಮನ್ನು ಅಂದೇ ಅವರ ವಾಟ್ಸಾಪ್‌ಗೆ ಕಳಿಸಿದೆ.

ಮೂರು ತಿಂಗಳ ಬಳಿಕ ಉತ್ತರವಾಗಿ ಒಂದು ರೆಕಾರ್ಡಿಂಗ್ ಬಂತು. ಊರಿನಿಂದ ಶಹನಾಯಿ ತರಿಸಿಕೊಂಡು ಅವರೇ ನುಡಿಸಿದ್ದರು. ಅಲ್ಲಲ್ಲಿ ತಡವರಿಸಿದ್ದರೂ ಎಷ್ಟು ಇಂಪಾಗಿತ್ತು! ನಮ್ಮ ಜಾಝ್ ಗೆಳೆಯರ ಕೂಟದಲ್ಲಿ ಅದನ್ನು ಕೇಳಿಸಿದೆ. ಬರುವ ಭಾನುವಾರ ಅವರು ನಮ್ಮೆದುರೇ ನುಡಿಸಲು ಒಪ್ಪಿದ್ದಾರೆ.