ಹತ್ತು ದಿನದ ಚೀಟಿ

ಡೆಟ್ರಾಯಿಟ್ ಬಸ್ ನಿಲ್ದಾಣ. ಶಿಕಾಗೋ ಬಸ್ಸಿಗೆಂದು ನಮ್ಮ ಮುಂದೆ ನಿಂತಿದ್ದ ಎಂಬತ್ತರ ಮುದುಕರೊಬ್ಬರು ಟಿಕೆಟ್ ಕೊಂಡ ಮೇಲೂ ಕೌಂಟರ್ ಬಿಟ್ಟು ಕದಲಲಿಲ್ಲ. ಟಿಕೆಟ್ಟಿನ ಹಿಂದೆ ಮೊಹರು ಬೇಕಂತೆ. ಒಳಗಿದ್ದ ಹೆಂಗಸು ನಕ್ಕು, ತಾರೀಖಿನ ಮೊಹರನ್ನೇ ಒತ್ತಿಕೊಟ್ಟಳು.

ಬಸ್ಸಿನಲ್ಲಿ ಅವರದು ನಮ್ಮ ಪಕ್ಕದ ಸೀಟು. ರಷ್ಯಾದ ತಾತಾರರು. ಅಲೆಯುತ್ತಿದ್ದ ಅವರ ಹಿರಿಯರನ್ನು ಝಾರ್ ಸರ್ಕಾರ ಒಂದೆಡೆ ನೆಲೆ ನಿಲ್ಲಿಸಿ, ಮನೆಯಲ್ಲಿ ಎಷ್ಟು ಗಂಡಸರೋ ಅಷ್ಟು ಪಾಲು ಹೊಲ ಕೊಟ್ಟಿತ್ತಂತೆ. ಆದರೆ ಮೊಹರು ಹಾಕಿದ ಚೀಟಿಯಿಲ್ಲದೆ ಊರು ದಾಟುವಂತಿರಲಿಲ್ಲ.

"ಅಪ್ಪ ಹತ್ತು ದಿನಕ್ಕೆ ಅಂತ ಚೀಟಿ ಬರೆಸಿಕೊಂಡು ನನ್ನನ್ನೂ ಕರೆದುಕೊಂಡು ಹೊರಟ. ಹೊಲದಲ್ಲಿ ಗೋಧಿ ಕೊಯ್ಲಿಗೆ ಬಂದಿತ್ತು," ಎಂದು ಇಂಗ್ಲಿಷಿನಲ್ಲಿ ಹೇಳುತ್ತ, ಕೋಟಿನ ಒಳಜೇಬಿನಿಂದ ಆ ಚೀಟಿಯನ್ನೇ ತೆಗೆದರು. ಮಡಿಕೆಗಳೆಲ್ಲ ಹರಿದಿದ್ದವು. ಮತ್ತೆ ಜೋಪಾನವಾಗಿ ಒಳಗಿಟ್ಟು ಕೇಳಿದರು: "ನೀವು ಎಷ್ಟು ದಿನಕ್ಕೆ ಅಂತ ಬಂದಿರಿ?"

ನನ್ನ ಹೆಂಡತಿ ತೋಳು ಹಿಡಿದು ಕನ್ನಡದಲ್ಲಿ ಪಿಸುಗುಟ್ಟಿದಳು: "ರೀ, ಎರಡು ವರ್ಷಕ್ಕೆ ಅಂತ ಹೇಳ್ಬಿಡ್ಬೇಡಿ."

ಮೈಸೂರಿನಲ್ಲಿ ಎರಡು ವರ್ಷದ ರಜೆ ಬರೆದುಕೊಟ್ಟು ಹೊರಟಾಗ ಇವಳು, ನಾವು ಬರುವ ತನಕ ಹಿತ್ತಲಿನ ಮಲ್ಲಿಗೆ ಬಳ್ಳಿಗೆ ನೀರು ಹಾಕಿ ಎಂದು ಪಕ್ಕದ ಮನೆಯವರಿಗೆ ಹೇಳಿ ಬಂದಿದ್ದಳು. ಇದು ಏಳನೆಯ ವರ್ಷ.