ತೊಟ್ಟಿಲು ನಡೆದ ಹೆಜ್ಜೆಗಳು

ನೊರ್ಮದಿಯಾ ಅಕ್ಕ ಎದ್ದುಹೋದಾಗ ಅವಳ ಕುರ್ಚಿಯತ್ತ ನೋಡಿದರೆ ನನಗೆ ಹೇಸಿಗೆಯಾಗುತ್ತಿತ್ತು. ಇಪ್ಪತ್ತೆರಡು ವರ್ಷಗಳ ಬೆವರು ಕುಡಿದ ಸ್ಪಂಜಿನಲ್ಲಿ ಅವಳ ದೇಹದ ಅಚ್ಚು ಹಳ್ಳವಾಗಿ ಉಳಿದಿತ್ತು. ಪಕ್ಕದ ನನ್ನ ಕುರ್ಚಿಯಲ್ಲೂ ಅಂಥದೇ ಹಳ್ಳ ಮೂಡತೊಡಗಿತ್ತು. ಅದನ್ನು ಮಾತ್ರ ನಾನು ತಿರುಗಿ ನೋಡುತ್ತಿರಲಿಲ್ಲ.

ಮಲೇಷ್ಯಾದ ತೈಪಿಂಗ್‌ ಊರಿನ ನಮ್ಮ ಜಮೀನು ದಾಖಲೆ ಕಚೇರಿಯಲ್ಲಿ ಯಾರೂ ಏಳಬೇಕಾಗಿಲ್ಲ. ಹತ್ತಕ್ಕೆ ತೆಂಗಿನಹಾಲಲ್ಲಿ ಬೇಯಿಸಿದ ನಾಸಿ ಲೆಮಾಕ್ ಅನ್ನದ ಪೊಟ್ಟಣ, ಮೂರಕ್ಕೆ ತೆಂಗಿನಹಾಲಿನ ಸಿಹಿತಿಂಡಿ, ನಡುನಡುವೆ ಗಟ್ಟಿಹಾಲು ಸುರಿದ ಚಹಾ, ಎಲ್ಲವೂ ಮೇಜಿಗೇ ಬರುತ್ತವೆ. ಕೀಲಿಮಣೆಯ ಸಂದುಗಳಲ್ಲಿ ಜಿಡ್ಡು ಕಪ್ಪಾಗಿ ಕೂತಿರುತ್ತದೆ.

ಅಕ್ಕನಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ. ಹದಿನಾರು ವರ್ಷ ಕಾದ ಮೇಲೆ ಆ ವರ್ಷ ಅವಳ ಹಜ್ ಸರದಿ ಬಂದಿತ್ತು; ಆದರೆ ಆರೋಗ್ಯ ತಪಾಸಣೆಯಲ್ಲಿ ಪಾಸಾಗದೆ ಹೊರಡುವಂತಿರಲಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಐದು ನಿಮಿಷ ಓಡಾಡಬೇಕೆಂದು ಕ್ಲಿನಿಕ್ಕಿನ ವೈದ್ಯೆ ತಿಂಗಳುಗಳ ಮೊದಲೇ ಹೇಳಿದ್ದಳು. ಅಕ್ಕ ಎದ್ದ ಮೊದಲ ದಿನವೇ ಎದುರು ಮೇಜಿನ ರೊಸ್ಲಿ ನಕ್ಕ.

"ಏನಕ್ಕಾ, ಮೆಕ್ಕಾಗೆ ನಡ್ಕೊಂಡೇ ಹೊರಟ್ರಾ? ವಿಮಾನ ಇದೆಯಂತೆ!"

ಎಲ್ಲರೂ ನಕ್ಕರು. ಅಕ್ಕ ಕೂತಳು.

ಆಮೇಲೆ ಸಾಹೇಬರು ಹೆಜ್ಜೆ ಎಣಿಸುವ ಸ್ಪರ್ಧೆ ಸಾರಿ, ಹೆಜ್ಜೆಗಳ ಲೆಕ್ಕವನ್ನು ಫೋನಿಗೆ ಕಳಿಸುವ ಒಂದೊಂದು ಪಟ್ಟಿಯನ್ನು ಎಲ್ಲರ ಮಣಿಕಟ್ಟಿಗೂ ಹಂಚಿದರು. ನನ್ನ ಮನೆಯಲ್ಲಿ ಎಂಟು ತಿಂಗಳ ಮಗು ಸ್ಪ್ರಿಂಗಿಗೆ ಕಟ್ಟಿದ ಸರೋಂಗ್ ಬಟ್ಟೆಯ ತೊಟ್ಟಿಲಲ್ಲಿ ಮಲಗುತ್ತದೆ; ಮೋಟಾರು ಅದನ್ನು ಮೇಲೆ ಕೆಳಗೆ ಕುಣಿಸುತ್ತದೆ.

"ಪಟ್ಟೀನ ತೊಟ್ಟಿಲಿಗೆ ಕಟ್ಬಿಡೋಣ ಅಕ್ಕಾ" ಎಂದವಳು ನಾನೇ.

"ಅಯ್ಯೋ ಕಳ್ಳೀ! ನಂದೂ ಕಟ್ಟೇ."

ನಮ್ಮಿಬ್ಬರ ಹೃದಯ ಮಾಡಬೇಕಾದ ಕೆಲಸವನ್ನು ಮೋಟಾರಿಗೆ ಒಪ್ಪಿಸಿ, ನಾವು ಎಣ್ಣೆ ಸೋರುವ ಬಾಳೆಹಣ್ಣಿನ ಬಜ್ಜಿ ತಿಂದೆವು. ದಿನಕ್ಕೆ ಹದಿನಾಲ್ಕು ಸಾವಿರ ಹೆಜ್ಜೆ. ಅಕ್ಕನಿಗೇ ಮೊದಲ ಬಹುಮಾನ: ಕಾಲು ಚಾಚಿ ಒರಗುವ ಹೊಸ ಕುರ್ಚಿ.

"ಕೂತ್ಕೊಳ್ಳಿ, ಕೂತ್ಕೊಳ್ಳಿ, ಫೋಟೋ ತೆಗೀಬೇಕು" ಎಂದರು ಸಾಹೇಬರು. ಆ ಚಿತ್ರದಲ್ಲಿ ನಾನೂ ಹಲ್ಲು ಕಿರಿದಿದ್ದೇನೆ.

ತಪಾಸಣೆಯ ದಿನ ಅಕ್ಕನ ಕೈಚೀಲ ಹಿಡಿದು ನಾನೂ ಹೋಗಿದ್ದೆ. ವೈದ್ಯೆ ರಕ್ತದ ವರದಿ ನೋಡಿದಳು, ಫೋನಿನಲ್ಲಿದ್ದ ಹೆಜ್ಜೆಗಳ ಲೆಕ್ಕ ನೋಡಿದಳು.

"ಇಷ್ಟೊಂದು ನಡೆದೂ ಸಕ್ಕರೆ ಇಳಿದಿಲ್ವಾ? ಹಾಗಾದ್ರೆ ಮಾತ್ರೆ ಸಾಲ್ತಾ ಇಲ್ಲ, ಇನ್ಸುಲಿನ್ ಶುರು ಮಾಡ್ಬೇಕು. ಎಲ್ಲಿ, ಇಲ್ಲೇ ಆರು ನಿಮಿಷ ನಡೆದು ತೋರ್ಸಿ."

ಎರಡನೇ ನಿಮಿಷಕ್ಕೆ ಅಕ್ಕ ಗೋಡೆ ಹಿಡಿದಳು. ತುಟಿ ಬೂದಿಬಣ್ಣಕ್ಕೆ ತಿರುಗಿತ್ತು.

"ಅದೆಲ್ಲಾ ಸುಳ್ಳು, ಡಾಕ್ಟರೇ... ನಡೆದದ್ದು ತೊಟ್ಟಿಲು."

ವೈದ್ಯೆ ಚೀಟಿಯಲ್ಲಿ 'ಈ ವರ್ಷ ಅನರ್ಹ' ಎಂದು ಬರೆದಳು. "ಮುಂದಿನ ವರ್ಷ ಮತ್ತೆ ನೋಡೋಣ. ತೊಟ್ಟಿಲನ್ನ ಮನೇಲೇ ಬಿಟ್ಟು ಬನ್ನಿ."

ಆ ಸಂಜೆ ಅಕ್ಕ ನೇರ ನಮ್ಮ ಮನೆಗೇ ಬಂದು, ಮೋಟಾರು ನಿಲ್ಲಿಸಿ ಎರಡೂ ಪಟ್ಟಿಗಳನ್ನು ಬಿಚ್ಚಿದಳು. ಮಗು ಎದ್ದು ಕಿರುಚಿತು. ನನ್ನ ಕೈ ಸ್ವಿಚ್ಚಿನತ್ತ ಹೋಯಿತು.

"ಮುಟ್ಟಿದ್ರೆ ನೋಡು! ಎತ್ಕೊಳ್ಳೇ ಅದನ್ನ. ನಡಿ."

ಮಗುವನ್ನು ಹೆಗಲಿಗೆ ಹಾಕಿಕೊಂಡು ಅಂಗಳಕ್ಕಿಳಿದೆ. ನನಗೆ ಮೂವತ್ತೊಂದು ವರ್ಷ. ನಾಲ್ಕನೇ ಸುತ್ತಿಗೆ, ಕೊಬ್ಬಿದ ಪ್ರಾಣಿಯದೊಂದು ಏದುಸಿರು ಮಗುವಿನ ಅಳುವನ್ನೂ ಮೀರಿ ಕೇಳಿಸಿತು, ಅದು ನನ್ನದಾಗಿತ್ತು. ಗೋಡೆ ಹಿಡಿದು ಹಿಂದೆ ಬರುತ್ತಿದ್ದ ಅಕ್ಕ ನನ್ನನ್ನು ನಿಲ್ಲಗೊಡಲಿಲ್ಲ.